ಹಡಗಿನ ಪರೀಕ್ಷೆಗೆ ಬೀಸುವ ಕಲ್ಲು

ಹಡಗಿನ ಚೀಫ್ ಇಂಜಿನಿಯರ್ ಆಗಬೇಕಾದರೆ ಸಮುದ್ರದ ಹತ್ತಿರ ಕೂತು ಓದಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಓದಿದ್ದು ರಾಯಚೂರು ಸೀಮೆಯ ಮಾನವಿಯಲ್ಲಿ. ಸಮುದ್ರ ಯಾವ ದಿಕ್ಕಿಗಿದೆ ಎಂದು ಕೇಳಿದರೆ ನಮ್ಮ ಓಣಿಯ ಜನ ನಾಲ್ಕು ದಿಕ್ಕಿಗೂ ಕೈ ತೋರಿಸುತ್ತಿದ್ದರು. ಚೀಕಲಪರ್ವಿಯಲ್ಲಿ ಹರಿಗೋಲು ಹತ್ತಿ ಹೊಳೆಯ ಆಚೆ ದಡ ಮುಟ್ಟಿ ಬಂದವನೇ ನಮ್ಮಲ್ಲಿ ದೊಡ್ಡ ನಾವಿಕ. ಅಂಥ ಊರಿನಲ್ಲಿ ನಾನೊಬ್ಬನೇ ನಿಜವಾದ ಹಡಗಿನ ನಿಜವಾದ ಸೆಕೆಂಡ್ ಇಂಜಿನಿಯರ್! ಇನ್ನೊಂದು ಮೆಟ್ಟಿಲು ಹತ್ತಿದರೆ ಚೀಫ್. ಆ ಒಂದು ಮೆಟ್ಟಿಲು ಹತ್ತಲು ನಾನು ಪಟ್ಟ ಪಾಡನ್ನು ಈಗ ಸತ್ಯವಾಗಿ, ಏನನ್ನೂ ಮುಚ್ಚಿಡದೆ ಹೇಳುತ್ತೇನೆ.

ನಾನು ಮೊದಲು ಎಣ್ಣೆ ಡಬ್ಬಿ ಹಿಡಿದದ್ದು ರಾಯಚೂರಿನಲ್ಲಿ, ಬಸಲಿಂಗಪ್ಪ ಸಾಹುಕಾರರ ಹತ್ತಿ ಜಿನ್ನಿನಲ್ಲಿ. ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳು ಅಲ್ಲಿ ಸಾಲಾಗಿದ್ದವು. ಅವನ್ನೆಲ್ಲ ಓಡಿಸಲು ಒಂದು ದೊಡ್ಡ ಉಗಿ ಇಂಜಿನ್. ನನ್ನ ಕೈಗುಣ ನೋಡಿ ಸಾಹುಕಾರರು ತಮ್ಮ ಮಗಳು ನೀಲವ್ವನನ್ನು ಕೊಟ್ಟು ಮದುವೆ ಮಾಡಿದರು. ಅಳಿಯ ಜಿನ್ನಿನಲ್ಲೇ ಇರುತ್ತಾನೆ ಎಂದು ಅವರ ಲೆಕ್ಕಾಚಾರ. ಅಳಿಯ ಮುಂಬಯಿ ಬಂದರಿನ ವರ್ಕ್‌ಶಾಪಿಗೆ ಹಾರಿದ. ಅಷ್ಟರಲ್ಲಿ ಮಹಾಯುದ್ಧ ಬಂತು. ಸ್ಪಾನರ್ ಹಿಡಿಯಬಲ್ಲವರನ್ನೆಲ್ಲ ಹಡಗಿಗೆ ಹತ್ತಿಸಿಕೊಳ್ಳುತ್ತಿದ್ದ ಕಾಲ ಅದು. ನಾನೂ ಹತ್ತಿದೆ. ಯುದ್ಧ ಮುಗಿದು ಕೆಳಗೆ ಇಳಿಯುವಷ್ಟರಲ್ಲಿ ಸೆಕೆಂಡ್ ಇಂಜಿನಿಯರ್ ಆಗಿದ್ದೆ. ಚೀಫ್ ಪದವಿಯ ಬರವಣಿಗೆ ಪರೀಕ್ಷೆಯೂ ಪಾಸಾಗಿತ್ತು. ಉಳಿದದ್ದು ಬಾಯಿಪರೀಕ್ಷೆ ಒಂದೇ.

ಆ ಬಾಯಿಪರೀಕ್ಷೆಯಲ್ಲಿ ಎರಡು ಸಲ ನಪಾಸಾದೆ.

ಕೆಲಸ ಬರದೆ ಅಲ್ಲ, ದೇವರಾಣೆ! ಬೇರಿಂಗು ಕಾದರೆ ನನ್ನ ಕೈ ತಾನಾಗಿಯೇ ಎಣ್ಣೆ ಡಬ್ಬಿಗೆ ಹೋಗುತ್ತದೆ. ಆದರೆ ಕುರ್ಚಿಯ ಮೇಲೆ ಕೂತ ದೊರೆಯೊಬ್ಬ "ಬೇರಿಂಗು ಕಾದರೆ ಏನು ಮಾಡುತ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದನೋ, ನಾಲಿಗೆ ಹೋಗಿ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಮೊದಲ ಸಲ ಇಪ್ಪತ್ತು ನಿಮಿಷ ಸುಮ್ಮನೆ ಕೂತಿದ್ದೆ. ಎರಡನೆಯ ಸಲ ಸುಧಾರಿಸಿದ್ದೆ. ಹತ್ತೇ ನಿಮಿಷಕ್ಕೆ ಎಬ್ಬಿಸಿ ಕಳಿಸಿದರು.

ರಜೆಯ ಮೇಲೆ ಬಂದವನು ರಾಯಚೂರಿನಲ್ಲಿ ಮಾವನವರ ಕಣ್ಣಿಗೆ ಬಿದ್ದೆ. ಅವರು ಹತ್ತಿ ತುಂಬಿದ ಅಂಡಿಗೆಯ ಮೇಲೆ ಕೂತಿದ್ದರು.

"ಅಳಿಯ ದೇವರು, ಎಷ್ಟು ಸಲ ಆತ್ರೀ ನಪಾಸು?"

"ಎರಡು ಸಲ ಆತ್ರೀ ಮಾವಾರ. ಈ ಸಲ ಪಕ್ಕಾ ಪಾಸಾಗ್ತೀನ್ರಿ. ಚೀಫ್ ಆದ್ರ ಮುಂಬಯಿದಾಗ ಮನಿ ಕೊಡ್ತಾರ, ನೀಲವ್ವನ್ನೂ ಕರಕೊಂಡು ಹೋಗ್ತೀನಿ."

"ಆಗ್ರಿ, ಯಾರು ಬ್ಯಾಡ ಅಂದ್ರು? ಮೂರನೇದು ಇದ ಕಡೀದು. ಇದ್ರಾಗ ಆಗಲಿಲ್ಲಂದ್ರ ಸುಮ್ನ ಬಂದು ನಮ್ಮ ಜಿನ್ನಿನ ಇಂಜಿನ್ ನೋಡ್ಕೊಂಡು ಇರ್ರಿ. ನಾ ಮಗಳನ್ನ ಕೊಟ್ಟಿದ್ದು ಮನುಷ್ಯಾಗ, ತಿಂಗಳಿಗೊಂದು ಬರೂ ಪೋಸ್ಟ್ ಕಾರ್ಡಿಗಲ್ಲ."

ಪೋಸ್ಟ್ ಕಾರ್ಡ್ ತಲೆ ತಗ್ಗಿಸಿ ನಿಂತಿತ್ತು. ಮಾವನ ಮನೆಯಲ್ಲಿ ಅಳಿಯನಿಗೆ ಮೂರು ದಿನ ಹೋಳಿಗೆ, ನಾಲ್ಕನೆಯ ದಿನದಿಂದ ಹಂಗಿನ ರೊಟ್ಟಿ. ಅದರಲ್ಲೂ ಅವರ ಕೈಕೆಳಗೆ ಕೆಲಸ! ಏಳು ಸಮುದ್ರ ನೋಡಿದ ಮನುಷ್ಯ ಮತ್ತೆ ಅದೇ ಜಿನ್ನಿನಲ್ಲಿ ಹತ್ತಿ ಧೂಳು ನುಂಗುತ್ತ ಕೂರುವುದೇ? ಸತ್ತರೂ ಸರಿ, ಈ ಸಲ ಪಾಸಾಗಲೇಬೇಕು ಎಂದು ಶಪಥ ಮಾಡಿ ಮಾನವಿಗೆ ಬಂದೆ.

ಮನೆಯಲ್ಲಿ ಪುಸ್ತಕ ಹಿಡಿದು ಎಂಟು ದಿನ ಅತ್ತಿಂದಿತ್ತ ಓಡಾಡಿದೆ. ಓದಿದ್ದು ಒಂದೂ ಬಾಯಿಗೆ ಬರಲಿಲ್ಲ. ನೀಲವ್ವ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂತು ಜೋಳ ಬೀಸುತ್ತಿದ್ದಳು. ದೇವದುರ್ಗದಲ್ಲಿ ಅಜ್ಜಿಯ ಹತ್ತಿರ ಬೆಳೆದವಳು. ನೂರಾರು ಬೀಸುವ ಪದ ಅವಳ ನಾಲಿಗೆಯ ಮೇಲಿದ್ದವು. ಒಂದು ದಿನ ಕಲ್ಲು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಅಲ್ರೀ, ನನಗ ಓದಾಕ ಬರೂದು ಅಷ್ಟಕ್ಕಷ್ಟ. ಆದ್ರೂ ನೂರು ಹಾಡು ನೆನಪದಾವು. ನೀವು ಇಷ್ಟು ಓದೀರಿ, ಒಂದೂ ನೆನಪಿಲ್ಲ. ಯಾಕ ಹೇಳ್ರಿ?"

"ಯಾಕ?"

"ಕೈ ಸುಮ್ನ ಇಟ್ಕೊಂಡು ಓದ್ತೀರಿ, ಅದಕ್ಕ! ಬರ್ರಿ ಇಲ್ಲಿ. ಗೂಟದ ಆ ಕಡಿ ನೀವು ಹಿಡೀರಿ, ಈ ಕಡಿ ನಾ ಹಿಡೀತೀನಿ. ನಿಮ್ಮ ಹಡಗನ್ನ ಹಾಡಿಗೆ ಹಚ್ಚೂಣು."

ನಕ್ಕೆ. ಆದರೆ ಬೇರೆ ದಾರಿ ಇರಲಿಲ್ಲ, ಕೂತೆ. ನಾನು ಪ್ರಶ್ನೆ, ಉತ್ತರ ಎರಡನ್ನೂ ಕನ್ನಡದಲ್ಲಿ ಬಿಡಿಸಿ ಹೇಳುವುದು, ಅವಳು ಎರಡು ಹಿಡಿ ಜೋಳ ಹಾಕುವಷ್ಟರಲ್ಲಿ ಅದನ್ನು ಪದ ಮಾಡುವುದು. ಪ್ರತಿಯೊಂದು ಪದವೂ ಕೆಟ್ಟುಹೋದ ಸಾಮಾನಿನ ಹೆಸರಿನಿಂದಲೇ ಶುರುವಾಗುತ್ತಿತ್ತು.

ಬೇರಿಂಗು ಕಾದರ ಬೆದರಬ್ಯಾಡ ನನರಾಯ,
ಜೋರು ತಗ್ಗಿಸಿ ಎಣ್ಣಿ ಬಿಡೊ, ತಣ್ಣೀರ
ಒಮ್ಮಿಗೆ ಸುರಿದರ ಒಡೆದೀತೊ!

ಏನು ಹೇಳಲಿ! ಗಂಟಲಿಗಿಂತ ಮೊದಲು ಕೈಗೇ ಬಾಯಿಪಾಠವಾಯಿತು. ಒಂದು ತಿಂಗಳಲ್ಲಿ ನಲವತ್ತು ಪ್ರಶ್ನೆ, ನಲವತ್ತು ಪದ. ಅಟ್ಟದ ಮೇಲೆ ಹಿಟ್ಟಿನ ಡಬ್ಬಿಗಳು ತುಂಬಿ ಪಕ್ಕದ ಮನೆಗಳಿಗೂ ಹಂಚಿದೆವು. ನಾನು ಪರೀಕ್ಷೆಗೆ ಓದಿದ್ದರಿಂದ ಇಡೀ ಓಣಿ ರೊಟ್ಟಿ ತಿಂದಿತು.

ಒಂದು ಸಲ ಮಾತ್ರ ನನಗೆ ಸಂಶಯ ಬಂತು. "ನೀಲಿ, ಹತ್ತೊಂಬತ್ತನೇ ಪದದಿಂದ ಎತ್ತು, ನೋಡೂಣು" ಅಂದೆ.

ಅವಳು ಕಲ್ಲಿನ ಮೇಲೆ ಕೈಯಿಟ್ಟು ಗಾಬರಿಯಾದಳು. "ಅಯ್ಯ ಶಿವನ! ಬೀಸೂ ಪದ ಯಾರರ ನಡುವಿಂದ ಎತ್ತತಾರೇನ್ರೀ? ಮೊದಲಿಂದ ಎತ್ತಬೇಕು. ನಡುವಿಂದ ಎತ್ತಿದ್ರ ಹಿಟ್ಟು ದಪ್ಪ ಬರ್ತದ ಅಂತ ನಮ್ಮ ಅಜ್ಜಿ ಹೇಳ್ತಿದ್ಲು."

ಹಿಟ್ಟು ದಪ್ಪ ಬರಬಾರದಲ್ಲ! ಅದನ್ನು ಅಲ್ಲಿಗೇ ಬಿಟ್ಟೆ. ಬುದ್ಧಿ ಇದ್ದವನಾಗಿದ್ದರೆ ಅವತ್ತೇ ಸಾಹುಕಾರರಿಗೆ ಶರಣಾಗುತ್ತಿದ್ದೆ.

ಪರೀಕ್ಷೆಯ ದಿನ ಹತ್ತಿರ ಬಂತು. ನೀಲವ್ವನನ್ನೂ ಮುಂಬಯಿಗೆ ಕರೆದುಕೊಂಡು ಹೋಗುವುದೆಂದು ಠರಾವು ಪಾಸಾಯಿತು, ಯಾಕೆಂದರೆ ಅವಳು ಸಮುದ್ರ ನೋಡಬೇಕಾಗಿತ್ತು. ಬೀಸುವ ಕಲ್ಲನ್ನೂ ಒಯ್ಯುವುದೆಂದಾಯಿತು, ಯಾಕೆಂದರೆ ಮುಂಬಯಿಯ ಹಿಟ್ಟಿನ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ರಾಯಚೂರು ಸ್ಟೇಷನ್ನಿನಲ್ಲಿ ಮದ್ರಾಸ್ ಕಡೆಯಿಂದ ಬಂದ ಗಾಡಿಗೆ ಇಬ್ಬರು ಹಮಾಲರು ಆ ಕಲ್ಲನ್ನು ಹತ್ತಿಸಿದರು. ಬೀಳ್ಕೊಡಲು ಬಂದಿದ್ದ ಮಾವನವರು ಕಲ್ಲನ್ನೂ ನನ್ನನ್ನೂ ಒಂದೊಂದು ಸಲ ನೋಡಿದರು.

"ಹಡಗಿಗೆ ಲಂಗರು ಬ್ಯಾರೆ ನೀವ ಒಯ್ಯಬೇಕೇನ್ರೀ?" ಎಂದರು.

ನಾನು ನಗಲಿಲ್ಲ. ಚೀಫ್ ಇಂಜಿನಿಯರ್ ಆಗುವವನು ಇಂಥ ಮಾತಿಗೆಲ್ಲ ಹಲ್ಲು ಕಿಸಿಯಬಾರದು ಎಂದು ಗಂಭೀರವಾಗಿ ಕಿಟಕಿಯ ಹತ್ತಿರ ಕೂತೆ.

ಮುಂಬಯಿಯಲ್ಲಿ ಬಂದರಿನ ಹತ್ತಿರ ಒಂದು ಖೋಲಿ ಹಿಡಿದೆವು. ನೀಲವ್ವ ಮೊದಲ ದಿನವೇ ಸಮುದ್ರದ ಮುಂದೆ ನಿಂತಳು. ಆಮೇಲೆ ಒಂದು ಬೊಗಸೆ ತುಂಬಿ ಬಾಯಿಗಿಟ್ಟು, ಥೂ ಎಂದು ಉಗಿದು, "ಇಷ್ಟು ನೀರು ಇಟ್ಕೊಂಡು ಒಬ್ಬರಿಗೆ ಕುಡಿಯಾಕ ಕೊಡಂಗಿಲ್ಲಂದ್ರ ಇದೆಂಥಾ ಸಾಹುಕಾರಿಕಿರೀ?" ಅಂದಳು. ಆದರೂ ಬಿಟ್ಟು ಬರಲು ಅವಳಿಗೆ ಮನಸ್ಸಿರಲಿಲ್ಲ. "ಪಾಸಾಗ್ರಿ. ನಾ ದಿನಾ ಇದನ್ನ ನೋಡ್ಬೇಕು" ಎಂದಳು.

ಮರುದಿನ ಹತ್ತು ಗಂಟೆಗೆ ಪರೀಕ್ಷೆ. ಪರೀಕ್ಷಕ ಒಬ್ಬ ಮುದುಕ ದೊರೆ. ತಾನೇ ಮೂವತ್ತು ವರ್ಷ ಚೀಫ್ ಆಗಿ ಹಡಗು ಓಡಿಸಿದವನು. ಮುಖ ಕೆಂಪಗೆ, ಮೀಸೆ ಬೆಳ್ಳಗೆ, ಬಾಯಲ್ಲಿ ಪೈಪು. ಅವನು ಮೊದಲ ಪ್ರಶ್ನೆ ಕೇಳಿದ.

"ಉಗಿಯನ್ನು ತಣಿಸಿ ನೀರು ಮಾಡುವ ಕಂಡೆನ್ಸರಿನಲ್ಲಿ ವ್ಯಾಕ್ಯೂಮ್ ಇಳಿಯುತ್ತಿದೆ. ಏನು ಮಾಡುತ್ತೀರಿ?"

ನಾಲಿಗೆ ಅಂಟಲಿಲ್ಲ! ಖುಷಿಯಾಯಿತು. ವ್ಯಾಕ್ಯೂಮು ಹತ್ತೊಂಬತ್ತನೆಯ ಪದ. ಹತ್ತೊಂಬತ್ತಕ್ಕೆ ಮುಟ್ಟಬೇಕಾದರೆ ಒಂದರಿಂದ ಎತ್ತಬೇಕು. ಮನಸ್ಸಿನಲ್ಲೇ ಎತ್ತಿದೆ. ಬಲಗೈ ಮೇಜಿನ ಮೇಲೆ ಗರಗರ ತಿರುಗತೊಡಗಿತು. ತುಟಿ ಪಿಟಿಪಿಟಿ ಅನ್ನುತ್ತಿತ್ತು. ದೊರೆ ಪೈಪು ತೆಗೆದು ನನ್ನ ಕೈಯನ್ನೇ ನೋಡಿದ. ಒಂದು ಲೋಟ ನೀರು ತರಿಸಿದ. ನಾನು ಹದಿನೇಳನೆಯ ಪದದಲ್ಲಿದ್ದಾಗ ಅವನಿಗೆ ತಾಳ್ಮೆ ಮುಗಿಯಿತು.

"ಅದು ಇರಲಿ. ಮುಖ್ಯ ಬೇರಿಂಗು ಕಾದಿದೆ. ಏನು ಮಾಡುತ್ತೀರಿ?"

ಓಡುತ್ತಿದ್ದ ಕಲ್ಲು ಒಮ್ಮೆಗೇ ನಿಲ್ಲುತ್ತದೆಯೇ? ಅಷ್ಟರಲ್ಲಿ ನನಗೆ ವ್ಯಾಕ್ಯೂಮಿನ ಪದ ಸಿಕ್ಕಿಬಿಟ್ಟಿತು. ಸಿಕ್ಕಿದ್ದನ್ನು ಬಿಡಬಾರದೆಂದು ಗಟ್ಟಿಯಾಗಿ ಹೇಳಿದೆ: "ಮೇಣಬತ್ತಿ ಹಚ್ಚಿ ಹತ್ತಿರ ಹಿಡಿಯುತ್ತೇನೆ, ಸರ್! ಎಲ್ಲಿ ಗಾಳಿ ಸೋರುತ್ತದೋ ಅಲ್ಲಿ ಉರಿ ಒಳಗೆ ಎಳೆಯುತ್ತದೆ."

"ಎಣ್ಣೆ ಸುರಿಯುತ್ತಿರುವ ಕಾದ ಬೇರಿಂಗಿಗೆ ನೀವು ಬೆಂಕಿ ಹಿಡಿಯುತ್ತೀರಿ?"

"ಹೌದು ಸರ್" ಅಂದೆ. ತಪ್ಪು ಗೊತ್ತಾಗುವಷ್ಟರಲ್ಲಿ ಅವನು ಮೂರನೆಯದು ಕೇಳಿದ್ದ.

"ಹಡಗಿನ ತಳಕ್ಕೆ ಸಮುದ್ರದ ನೀರು ನುಗ್ಗುತ್ತಿದೆ. ಬೇಗ ಹೇಳಿ!"

ಆಗ ಬೇರಿಂಗಿನ ಪದ ಬಂತು. "ಜೋರು ತಗ್ಗಿಸಿ ಎಣ್ಣೆ ಬಿಡುತ್ತೇನೆ ಸರ್!"

"ಯಾವುದಕ್ಕೆ? ಸಮುದ್ರಕ್ಕೋ?"

ಹೀಗೆ ಅರ್ಧ ಗಂಟೆ ನಡೆಯಿತು. ನನ್ನ ಉತ್ತರಗಳಲ್ಲಿ ಒಂದೂ ತಪ್ಪಿರಲಿಲ್ಲ, ಇದನ್ನು ಓದುಗರು ಗಮನಿಸಬೇಕು. ಒಂದು ಪ್ರಶ್ನೆಯಷ್ಟು ತಡವಾಗಿ ಬರುತ್ತಿದ್ದವು, ಅಷ್ಟೇ. ಅಷ್ಟರಲ್ಲಿ ನಾನು ಆ ಹಡಗನ್ನು ಮೂರು ಸಲ ಸುಟ್ಟು ಎರಡು ಸಲ ಮುಳುಗಿಸಿದ್ದೆ.

ದೊರೆ ಒಳ್ಳೆಯ ಮನುಷ್ಯ. ಎಣ್ಣೆ ಕಚ್ಚಿದ ನನ್ನ ಉಗುರುಗಳನ್ನು ನೋಡಿ, "ಈ ಕೈಗಳಿಗೆ ಕೆಲಸ ಗೊತ್ತಿದೆ. ತಲೆಗೆ ಏನಾಗಿದೆಯೋ! ನಾಳೆ ಹತ್ತಕ್ಕೆ ಬನ್ನಿ, ಇನ್ನೊಂದೇ ಅವಕಾಶ" ಅಂದ.

ಖೋಲಿಗೆ ಬಂದು ನೀಲವ್ವನ ಮುಂದೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಯೋಚನೆ ಮಾಡಿದಳು.

"ಹಾಡಿನ ತಪ್ಪಲ್ಲರೀ. ಕಲ್ಲಿನ ಸಪ್ಪಳ ಇರಲಿಲ್ಲ, ಅದಕ್ಕ ನಿಮಗ ಲಗೂನ ಬರಲಿಲ್ಲ."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅಂತಾರೆ. ನನಗೆ ಸಿಕ್ಕಿದ್ದು ಕಲ್ಲು! ಅದನ್ನೇ ತಬ್ಬಿಕೊಂಡೆ. ಪರೀಕ್ಷೆಯ ಕೋಣೆಗೆ ಹೊಂದಿಕೊಂಡು ಒಂದು ವರಾಂಡ ಇತ್ತು. ಕಿಟಕಿ ಸದಾ ತೆರೆದಿರುತ್ತಿತ್ತು. ನೀಲವ್ವ ಅದರ ಕೆಳಗೆ ಕೂತು ಬೀಸಬೇಕು, ಸಪ್ಪಳ ಕೇಳುತ್ತ ನಾನು ಒಳಗೆ ಉತ್ತರ ಹೇಳಬೇಕು. ಇಂಥ ಅಮೋಘ ಯೋಜನೆ ಇಡೀ ಯುದ್ಧದಲ್ಲಿ ಯಾವ ಸೇನಾಪತಿಗೂ ಹೊಳೆದಿರಲಾರದು.

ಬೆಳಿಗ್ಗೆ ಕಲ್ಲನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಹೋದೆವು. ದಫ್ತರಿನ ಜವಾನ ಅಡ್ಡ ಬಂದ.

"ಏ, ಕ್ಯಾ ಹೈ ಯೇ?"

ನಾನು ಅವನನ್ನು ಬದಿಗೆ ಕರೆದು, ಮುಖ ಬಾಡಿಸಿಕೊಂಡು, "ಇದು ನಮ್ಮ ಕಡೆಯ ವ್ರತ. ಗಂಡನ ಪರೀಕ್ಷೆ ಮುಗಿಯುವವರೆಗೂ ಹೆಂಡತಿ ಹತ್ತಿರದಲ್ಲೇ ಬೀಸುತ್ತಿರಬೇಕು. ತಪ್ಪಿದರೆ ತಡೆದವನಿಗೆ ಕೇಡು" ಎಂದು ಹಿಂದೂಸ್ತಾನಿಯಲ್ಲಿ ತಿಳಿಸಿದೆ. ಕೇಡು ಎಂದ ಕೂಡಲೇ ಅವನೇ ಕಲ್ಲಿಗೆ ಕೈ ಕೊಟ್ಟು ಕಿಟಕಿಯ ಕೆಳಗೆ ಇಳಿಸಿದ. ನೀಲವ್ವ ಸೆರಗು ಬಿಗಿದು ಕೂತಳು. ಜೋಳ ಹಾಕಿದಳು. ನಾನು ಒಳಗೆ ಹೋದೆ.

"ಕಂಡೆನ್ಸರ್. ವ್ಯಾಕ್ಯೂಮ್ ಇಳಿಯುತ್ತಿದೆ" ಎಂದ ದೊರೆ, ನಿನ್ನೆಯ ಹಟ ಬಿಡದೆ.

ಹೊರಗೆ ಗರ್ ಗರ್ ಎಂದು ಕಲ್ಲು ತಿರುಗಿತು. ಆಹಾ, ಆ ಸಪ್ಪಳ! ನನ್ನ ಜೀವ ಮಾನವಿಯ ಪಡಸಾಲೆಗೆ ಹೋಗಿ ಕೂತಿತು. ಒಂದನೆಯ ಪದ ಎತ್ತಿದೆ. ಆದರೆ ಕಿಟಕಿಯ ಕೆಳಗಿದ್ದವಳಿಗೂ ದೊರೆಯ ಮಾತು ಕೇಳಿಸಿತ್ತು. ಇಂಗ್ಲಿಷು ಬರದಿದ್ದರೇನು, "ವ್ಯಾಕ್ಯೂಮ್" ಅನ್ನುವುದು ಅವಳೇ ಕಟ್ಟಿದ ಪದದ ಮೊದಲ ಶಬ್ದ! ನಾನು ಇನ್ನೂ ಒಂದನೆಯದರಲ್ಲಿ ಕೈ ತಿರುಗಿಸುತ್ತಿರುವುದನ್ನು ಕತ್ತು ನೀಡಿ ನೋಡಿದಳು. ಅವಳಿಗೆ ತಡೆಯಲಿಲ್ಲ. ಅಜ್ಜಿಯ ಮಾತು ಮೀರಿ, ಹಿಟ್ಟು ದಪ್ಪ ಬಂದರೆ ಬರಲಿ ಎಂದು, ನಡುವಿನಿಂದಲೇ ಎತ್ತಿದಳು!

ವ್ಯಾಕ್ಯೂಮು ಇಳಿದರ ಯಾತರ ಚಿಂತಿಯೊ,
ಪಂಪು ನೋಡು ಮೊದಲ, ಬಿರುಕ ಹುಡುಕೊ, ಮೇಣದ
ಬತ್ತಿಯ ಉರಿಯ ಎಳೆದೀತೊ!

ನಾನು ತಕ್ಷಣ ಅದನ್ನು ಇಂಗ್ಲಿಷು ಮಾಡಿ ಒಪ್ಪಿಸಿದೆ. ದೊರೆಯ ಹುಬ್ಬು ಮೇಲೇರಿತು. "ಭೇಷ್!" ಎಂದ. ಬೇರಿಂಗು ಕೇಳಿದ, ಬಂತು. ಬಾಯ್ಲರು ಕೇಳಿದ, ಬಂತು. ಅವನು ಕೇಳುವುದು, ಅವಳು ಹಾಡುವುದು, ನಾನು ಹೇಳುವುದು. ಏಳು ಪ್ರಶ್ನೆಗೆ ಏಳೂ ಸರಿ! ನಾನು ಮನಸ್ಸಿನಲ್ಲಿ ಚೀಫ್ ಇಂಜಿನಿಯರನ ಟೋಪಿ ಇಟ್ಟುಕೊಂಡಿದ್ದೆ. ಅಷ್ಟಕ್ಕೆ ಸುಮ್ಮನಿರಬೇಕೋ ಬೇಡವೋ? ಎಂಟನೆಯ ಪ್ರಶ್ನೆಗೆ ಹಾಡು ಮುಗಿಯುವ ಮೊದಲೇ ಠೀವಿಯಿಂದ ಬಾಯಿ ಹಾಕಿದೆ.

"ಸೇಫ್ಟಿ ವಾಲ್ವ್ ಸಿಕ್ಕಿಕೊಂಡಿದೆ ಅಂದರೆ ಮೊದಲು ಬಾಯ್ಲರಿಗೆ ಇನ್ನಷ್ಟು ಕಲ್ಲಿದ್ದಲು..."

"ಅಲ್ರೀ! ತಪ್ಪು! ತಪ್ಪು!" ಎಂದು, ಅಪ್ಪನ ಜಿನ್ನಿನಲ್ಲಿ "ಕೋಲ್" ಎಂಬ ಶಬ್ದ ಕೇಳಿ ಬಲ್ಲ ಕಿಟಕಿ ಚೀರಿತು. "ಬೆಂಕಿ ತೆಗೀರಿ ಅಂತ ಹಾಡಾಕತ್ತೀನಿ, ಕೇಳವಲ್ರೇನು? ಬಾಯ್ಲರ್ ಹಾರಿ ಹೋಗ್ತದ!"

ದೊರೆ ಎದ್ದ. ಕಿಟಕಿಗೆ ಹೋಗಿ ಬಗ್ಗಿ ನೋಡಿದ. ಕೆಳಗೆ ಮೈಯೆಲ್ಲ ಜೋಳದ ಹಿಟ್ಟು ಮೆತ್ತಿದ ಹೆಂಗಸು, ಪಕ್ಕದಲ್ಲಿ ಹಿಟ್ಟಿಗೆ ಮೊರ ಹಿಡಿದು ಕೂತ ಅವನದೇ ಜವಾನ!

"ಇವರು ಯಾರು?"

ನನ್ನ ನಾಲಿಗೆ ಹಳೆಯ ಜಾಗಕ್ಕೆ ಹೋಗಿ ಅಂಟಿಕೊಂಡಿತು. "ನನ್ನ ಹೆಂಡತಿ, ಸರ್. ಮಧ್ಯಾಹ್ನದ ರೊಟ್ಟಿಗೆ..."

ದೊರೆ ವರಾಂಡಕ್ಕೆ ಇಳಿದು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಪೈಪು ತೆಗೆದು, ಬೇಕೆಂದೇ ಒಂದೊಂದೇ ಶಬ್ದ ಬಿಡಿಸಿ, ಹಿಂದೆಮುಂದೆ ಮಾಡಿ ಕೇಳುತ್ತ ಹೋದ. ಬಿಲ್ಜ್. ಫೀಡ್ ಪಂಪ್. ಗೇಜ್ ಗ್ಲಾಸ್. ಅವಳು ತಲೆಯೆತ್ತದೆ, ಕಲ್ಲು ನಿಲ್ಲಿಸದೆ, ಹಾಡುತ್ತ ಹೋದಳು. ನಾನು ಕೈಕಟ್ಟಿ ನಿಂತು ಅನುವಾದ ಮಾಡುತ್ತ ಹೋದೆ. ಹನ್ನೆರಡು ಕೇಳಿದ, ಹನ್ನೆರಡೂ ಸರಿ. ಕೊನೆಗೆ ಅವನು ಎದ್ದು ಅವಳಿಗೆ ಟೋಪಿ ತೆಗೆದು ವಂದಿಸಿದ. ನನ್ನ ಕಡೆ ತಿರುಗಿದಾಗ ಟೋಪಿ ತಲೆಯ ಮೇಲಿತ್ತು.

"ಇವರಿಗೆ ಕೊಡಲು ನನ್ನ ಹತ್ತಿರ ಪ್ರಮಾಣಪತ್ರ ಇಲ್ಲ. ನಿಮಗೆ ಕೊಡಲು ನನಗೆ ಧೈರ್ಯ ಇಲ್ಲ. ಮತ್ತೆ ಈ ದಫ್ತರಿಗೆ ಬರಬೇಡಿ" ಎಂದ.

ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿ ಬೇಡಿಕೊಂಡೆ, ದೊರೆ ಕರಗಲಿಲ್ಲ. ನನ್ನ ಮುಖ ನೋಡಿಯೇ ನೀಲವ್ವನಿಗೆ ಗೊತ್ತಾಯಿತು. ಕಣ್ಣಲ್ಲಿ ನೀರು ತಂದುಕೊಂಡಳು. "ನಾ ಬಾಯಿ ಮುಚ್ಕೊಂಡು ಇದ್ದಿದ್ರ ನೀವು ಪಾಸಾಗ್ತಿದ್ರಿ" ಅಂದಳು. "ನೀ ಬಾಯಿ ಮುಚ್ಕೊಂಡು ಇದ್ದಿದ್ರ ಒಂದನೇದಕ್ಕ ಎಬ್ಬಿಸಿ ಕಳಿಸ್ತಿದ್ದ" ಎಂದೆ. ಇದು ಸಮಾಧಾನಕ್ಕೆ ಹೇಳಿದ್ದಲ್ಲ, ನಿಜ. ಆ ಸಂಜೆ ಇಬ್ಬರೂ ಸಮುದ್ರದ ಮುಂದೆ ಕೂತೆವು. ಅವಳು ಅದನ್ನು ಕಣ್ತುಂಬ ನೋಡಿದಳು. ನನಗೆ ಬಹಳ ನಾಚಿಕೆಯಾಯಿತು.

ರಾಯಚೂರಿನಲ್ಲಿ ಗಾಡಿ ಇಳಿದಾಗ ಮಾವನವರು ಟಾಂಗಾ ನಿಲ್ಲಿಸಿಕೊಂಡು ಕಾಯುತ್ತಿದ್ದರು.

"ಏನಾತ್ರೀ ಇಮ್ತಿಹಾನು?"

ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ನೀಲವ್ವ ಉತ್ತರ ಕೊಟ್ಟಳು. "ನಾ ಪಾಸಾದೆ ಯಪ್ಪಾ. ಇವರು ನಪಾಸು."

ಸಾಹುಕಾರರು ವಿವರ ಪೂರಾ ಕೇಳಿಕೊಂಡರು. ನಕ್ಕರೆ ತಡೆದುಕೊಳ್ಳಬಹುದಿತ್ತು, ಅವರು ನಗಲಿಲ್ಲ. "ಹೋಗ್ಲಿ ಬಿಡ್ರಿ. ನಾಳಿಂದ ಜಿನ್ನಿಗೆ ಬರ್ರಿ" ಎಂದು ಟಾಂಗಾ ಹತ್ತಿಸಿದರು.

ಹೋದೆ. ಜಿನ್ನಿನ ಪಕ್ಕದಲ್ಲೇ ಮನೆ ಕೊಟ್ಟರು. ಇಂಜಿನ್ ಕೋಣೆಯ ಬಾಗಿಲಿಗೆ ನನ್ನ ಹೆಸರು ಬರೆಸಿ, ಅದರ ಮುಂದೆ "ಇಂಜಿನಿಯರ್" ಎಂದು ಬಣ್ಣದಲ್ಲಿ ಹಾಕಿಸಿಕೊಂಡೆ. ಅಷ್ಟಾದರೂ ಮರ್ಯಾದೆ ಇರಲಿ ಎಂದು. ಮುಂಬಯಿಯ ಕಥೆ ಜಿನ್ನಿಗೆಲ್ಲ ಹಬ್ಬಿದ್ದರೂ ಮೊದಲ ವಾರ ಯಾರೂ ಏನೂ ಕೇಳಲಿಲ್ಲ, ಇಂಜಿನ್ ಚೆನ್ನಾಗಿ ಓಡುತ್ತಿತ್ತು. ಎರಡನೆಯ ವಾರ, ನಾನು ಊಟಕ್ಕೆ ಬಂದು ಕೂತಾಗ, ಬೆಂಕಿ ಹಾಕುವ ಹುಸೇನಪ್ಪ ಓಡೋಡಿ ಬಂದು ಬಾಗಿಲಲ್ಲಿ ನಿಂತ. ನನ್ನ ಅಪ್ಪನ ವಯಸ್ಸಿನವನು, ಬೆವರು ಸುರಿಸುತ್ತಿದ್ದ.

"ಅಣ್ಣಾರ, ಬಾಯ್ಲರ್ ಯಾಕೋ ಗುಡುಗಾಡಾಕತ್ತದ. ಅಕ್ಕಾರು ಅದಾರೇನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. "ಅಕ್ಕಾರು ಯಾಕೋ? ಇಂಜಿನಿಯರ್ ನಾನಿಲ್ಲೇನು ಇಲ್ಲಿ?"

"ಅದೀರಿ ಅಣ್ಣಾರ, ಯಾರು ಇಲ್ಲಂದ್ರು?" ಎಂದು ಹುಸೇನಪ್ಪ ಕೈ ಮುಗಿದ. "ನಿಮ್ಮನ್ನ ಆಮ್ಯಾಲ ಕೇಳ್ತೀನ್ರಿ. ಈಗ ಅವಸರ ಅದ."

ಏಳು ಸಮುದ್ರ ದಾಟಿ ಬಂದ ನಾನು ಅನ್ನದ ತಟ್ಟೆ ಬದಿಗೆ ಸರಿಸಿದೆ. ಬಾಯ್ಲರ್ ಗುಡುಗಾಡುತ್ತಿದೆ, ಅಭಿಮಾನಕ್ಕೆ ಹೊತ್ತಿಲ್ಲ. ಅಡುಗೆಮನೆಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು ಕೂಗಿದೆ:

"ಚೀಫ್ ಸಾಹೇಬರ, ಲಗೂ ಬರ್ರಿ! ಬುಲಾವ್ ಬಂದದ!"